ಮಗು, ಸಾಕುಪ್ರಾಣಿಗಳಿರುವ ಮನೆಯಲ್ಲಿ ಬಟ್ಟೆಯ ಕಲೆ: ಯಾವುದಕ್ಕೆ ಏನು ಸಾಕು?

ಬಸದಿಯಲ್ಲಿ ಪಂಚಾಮೃತ ಅಭಿಷೇಕ ಮುಗಿಸಿ ಬಂದ ದಿನ ಒಗೆಯುವ ಬಟ್ಟೆಯ ರಾಶಿಯಲ್ಲಿ ಹಾಲು, ತುಪ್ಪ, ಅರಿಶಿನ, ಗಂಧ ಎಲ್ಲದರ ಕಲೆಯೂ ಇರುತ್ತದೆ. ಚಿಕ್ಕ ಮಗುವಿರುವ ಮನೆಯಾದರೆ ಅದರ ಜೊತೆಗೆ ಕಕ್ಕಿದ ಹಾಲಿನ ಅಂಗಿ, ಒದ್ದೆಯಾದ ಬಟ್ಟೆಗಳು. ನಾಯಿಯೋ ಬೆಕ್ಕೋ ಇದ್ದರೆ ಅದು ಮಲಗುವ ಹಳೆಯ ಚಾದರ. ಎಲ್ಲಕ್ಕೂ ಒಂದೇ ಬಾಟಲಿಯಿಂದ ಸುರಿದುಬಿಡುವುದು ಸುಲಭವೇನೋ ಹೌದು. ಆದರೆ ಅಂಬೆಗಾಲಿಡುವ ಮಗು ನೆಲಕ್ಕೆ ಊರಿದ ಕೈಯನ್ನೇ ಬಾಯಿಗೆ ಹಾಕುತ್ತದೆ. ಬೆಕ್ಕು ಒದ್ದೆ ನೆಲದ ಮೇಲೆ ನಡೆದು ಬಂದು ಪಾದ ನೆಕ್ಕಿಕೊಳ್ಳುತ್ತದೆ. ದೊಡ್ಡವರ ಕೈಗೆ ತಾಗಿ ತೊಳೆದುಹೋಗುವ ವಸ್ತು ಇವರ ಹೊಟ್ಟೆಗೆ ಸೇರುತ್ತದೆ.

ಶ್ರಾವಕರಿಗೆ ಬಟ್ಟೆ ಒಗೆಯುವುದು ಆರಂಭೀ ಹಿಂಸೆಯ ಸಾಲಿಗೆ ಸೇರಿದ ಕೆಲಸ. ಅಡುಗೆಯಂತೆ ಅದನ್ನೂ ಪೂರ್ತಿ ಬಿಡಲಾಗದು, ಯತ್ನಾಚಾರದಿಂದ ಕಡಿಮೆ ಮಾಡಬಹುದು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಅನರ್ಥದಂಡದ ಐದು ಬಗೆಗಳನ್ನು ಹೇಳುವಾಗ ಪ್ರಮಾದಚರ್ಯೆಯನ್ನೂ ಸೇರಿಸುತ್ತದೆ. ಪ್ರಯೋಜನವಿಲ್ಲದೆ ನೀರು ಚೆಲ್ಲುವುದು, ನೆಲ ಅಗೆಯುವುದು ಇದರಲ್ಲಿ ಬರುತ್ತವೆ. ಒಂದು ಕಲೆಗೆ ಬೇಕಾದುದಕ್ಕಿಂತ ಹೆಚ್ಚು ಕಟುವಾದ ರಾಸಾಯನಿಕ ಬಳಸುವುದನ್ನೂ ಇದೇ ದೃಷ್ಟಿಯಿಂದ ನೋಡಬಹುದು. ಹಾಗಾಗಿ ಅಂಗಡಿಗೆ ಹೋಗುವ ಮೊದಲು ಕಲೆ ಯಾವುದರದು ಎಂದು ತಿಳಿಯಬೇಕು.

ಅರಿಶಿನಕ್ಕೆ ಅಂಗಡಿಯ ಔಷಧವೇ ಬೇಡ. ಅರಿಶಿನದ ಹಳದಿ ಬಣ್ಣ ಕರ್ಕ್ಯುಮಿನ್ ಎಂಬ ವಸ್ತುವಿನದು. ಸಾಬೂನು ತಾಗಿದೊಡನೆ ಅದು ಕೆಂಪಾಗುತ್ತದೆ. ಅರಿಶಿನಕ್ಕೆ ಸುಣ್ಣ ಸೇರಿಸಿ ಕುಂಕುಮ ಮಾಡುವುದೂ ಇದೇ ಗುಣದಿಂದ. ಕೆಂಪು ಕಂಡು ಗಾಬರಿಯಾಗಿ ಬ್ಲೀಚ್ ಹುಡುಕುವವರೇ ಹೆಚ್ಚು. ಆದರೆ ಕರ್ಕ್ಯುಮಿನ್ ಬಿಸಿಲಿಗೆ ನಿಲ್ಲುವುದಿಲ್ಲ. ಸಾಬೂನಿನಲ್ಲಿ ಒಗೆದು, ಚೆನ್ನಾಗಿ ಜಾಲಿಸಿ, ಕಲೆಯ ಭಾಗ ಮೇಲೆ ಬರುವಂತೆ ಬಿಸಿಲಿಗೆ ಹರಡಿದರೆ ಒಂದೆರಡು ದಿನದಲ್ಲಿ ಮಾಸುತ್ತದೆ. ಆಷಾಢದ ಮೂಡುಬಿದಿರೆಯಲ್ಲಿ ಬಿಸಿಲನ್ನು ಎಲ್ಲಿಂದ ತರುವುದು ಎಂದು ಕೇಳಿದರೆ, ಬಟ್ಟೆಯನ್ನು ಒಣಗಿಸಿ ಎತ್ತಿಟ್ಟು ಮಳೆ ಬಿಟ್ಟ ದಿನ ಹೊರಗೆ ಹಾಕಿದರೂ ನಡೆಯುತ್ತದೆ. ಬಿಳಿ ಹತ್ತಿ ಬಟ್ಟೆಯಾದರೆ ಔಷಧಿ ಅಂಗಡಿಯ ಹೈಡ್ರೋಜನ್ ಪೆರಾಕ್ಸೈಡ್‌ಗೆ ಅಷ್ಟೇ ನೀರು ಬೆರೆಸಿ ಕಲೆಯ ಮೇಲೆ ಹಚ್ಚಬಹುದು. ಬಣ್ಣದ ಬಟ್ಟೆಯಾದರೆ ಒಳಹೊಲಿಗೆಯ ಮೇಲೆ ಮೊದಲು ಒಂದು ಹನಿ ಹಾಕಿ ನೋಡಬೇಕು.

ಹಾಲು, ಮಗು ಕಕ್ಕಿದ್ದು, ರಕ್ತ ಇವು ಪ್ರೋಟೀನ್ ಕಲೆಗಳು. ಇವುಗಳಿಗೆ ಬಿಸಿನೀರು ಹಾಕುವುದೇ ದೊಡ್ಡ ತಪ್ಪು. ಹಾಲು ಕಾದಾಗ ಪಾತ್ರೆಗೆ ಕಚ್ಚಿಕೊಳ್ಳುವಂತೆ ಪ್ರೋಟೀನ್ ನೂಲಿಗೆ ಕಚ್ಚಿಕೊಳ್ಳುತ್ತದೆ. ಸೋಸಿದ ತಣ್ಣೀರಿನಲ್ಲಿ ಅರ್ಧ ಗಂಟೆ ನೆನೆಸಿದರೆ ಹಸಿ ಕಲೆ ಮುಕ್ಕಾಲು ಪಾಲು ಬಿಡುತ್ತದೆ. ಉಳಿದದ್ದಕ್ಕೆ ವಾಸನೆ, ಬಣ್ಣ ಸೇರಿಸದ ಸೌಮ್ಯ ಸಾಬೂನು ಸಾಕು. ಮಗುವಿನ ಬಟ್ಟೆಯಲ್ಲಿ ಸಾಬೂನಿನ ಅಂಶ ಉಳಿದರೆ ಚರ್ಮ ಕೆರೆಯಬಹುದು, ಆದ್ದರಿಂದ ಒಮ್ಮೆ ಹೆಚ್ಚಾಗಿ ಜಾಲಿಸುವುದರಲ್ಲಿ ನೀರು ವ್ಯರ್ಥವಾಗುವುದಿಲ್ಲ.

ತುಪ್ಪ, ದೀಪದ ಎಣ್ಣೆಗೆ ಮೊದಲು ಕಡಲೆಹಿಟ್ಟೋ ಅಕ್ಕಿಹಿಟ್ಟೋ ಉದುರಿಸಿ, ಜಿಡ್ಡು ಹೀರಿದ ಮೇಲೆ ಕೊಡವಿ, ಪಾತ್ರೆ ತೊಳೆಯುವ ದ್ರವದ ಎರಡು ಹನಿ ಹಾಕಿ ಉಜ್ಜಿದರೆ ಆಯಿತು. ಬಾಳೆಯ ಸೊನೆಯ ಹಳೆಯ ಕಲೆ ಮಾತ್ರ ಹಟಮಾರಿ. ಆ ಅಂಗಿಯನ್ನು ತೋಟದ ಕೆಲಸಕ್ಕೆ ಬಿಟ್ಟುಕೊಡುವುದೇ ಸರಿ.

ಈಗ ಹೆಚ್ಚಿನ ಡಿಟರ್ಜೆಂಟ್‌ಗಳಲ್ಲಿ ಕಿಣ್ವಗಳು, ಅಂದರೆ ಎಂಜೈಮ್‌ಗಳು, ಇರುತ್ತವೆ. ಇವು ಪ್ರಾಣಿಜನ್ಯವೇ ಎಂಬ ಸಂಶಯ ಹಲವು ಮನೆಗಳಲ್ಲಿದೆ. ಪ್ರೋಟೀನ್ ಕರಗಿಸುವ ಪ್ರೋಟಿಯೇಸ್ ಕಿಣ್ವವನ್ನು ಇಂದು ಸಾಮಾನ್ಯವಾಗಿ ಕಾರ್ಖಾನೆಯಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ಅದರಿಂದ ಬೇರ್ಪಡಿಸುತ್ತಾರೆ. ಕಿಣ್ವ ಜೀವಿಯಲ್ಲ, ಆದರೆ ಜೀವಾಣುವಿನಿಂದ ಬಂದದ್ದು. ಅದು ಬೇಡವೆನ್ನುವವರು ತಣ್ಣೀರು, ಸಾಬೂನು, ಬಿಸಿಲಿನಲ್ಲೇ ಬಹುಪಾಲು ಕೆಲಸ ಮುಗಿಸಬಹುದು. ಪೂಜೆಯ ರೇಷ್ಮೆ, ಉಣ್ಣೆಗಳಿಗಂತೂ ಪ್ರೋಟಿಯೇಸ್ ಹಾಕಲೇಬಾರದು. ಆ ನೂಲೇ ಪ್ರೋಟೀನ್ ಆದ್ದರಿಂದ ಕಲೆಯ ಜೊತೆ ಬಟ್ಟೆಯೂ ಸವೆಯುತ್ತದೆ.

ನಿಜವಾಗಿ ಪ್ರಾಣಿಜನ್ಯವಾದದ್ದು ಬೇರೆ ಹೆಸರುಗಳಲ್ಲಿ ಬರುತ್ತದೆ. ವಿದೇಶದಿಂದ ಬರುವ ಕೆಲವು ಕಲೆ ತೆಗೆಯುವ ಸಾಬೂನುಗಳಲ್ಲಿ ‘ಆಕ್ಸ್ ಗಾಲ್’ ಎಂದಿದ್ದರೆ ಅದು ದನದ ಪಿತ್ತರಸ. ‘ಟ್ಯಾಲೋ’, ‘ಸೋಡಿಯಂ ಟ್ಯಾಲೋವೇಟ್’ ಎಂದರೆ ಪ್ರಾಣಿಯ ಕೊಬ್ಬು. ಬಟ್ಟೆ ಮೃದುಗೊಳಿಸುವ ಕೆಲವು ದ್ರವಗಳಲ್ಲೂ ಇದು ಇರುವುದುಂಟು. ‘ಸ್ಟಿಯರಿಕ್ ಆಸಿಡ್’ ಸಸ್ಯದಿಂದಲೂ ಬರಬಹುದು, ಪ್ರಾಣಿಯಿಂದಲೂ ಬರಬಹುದು. ಅದನ್ನು ಕಂಪನಿಗೇ ಕೇಳಬೇಕು. ಆಹಾರದ ಪೊಟ್ಟಣದಲ್ಲಿ ಕಾಣುವ ಹಸಿರು ಚುಕ್ಕೆಯನ್ನು ಡಿಟರ್ಜೆಂಟ್ ಪೊಟ್ಟಣದಲ್ಲಿ ಹುಡುಕಿ ಪ್ರಯೋಜನವಿಲ್ಲ, ಪದಾರ್ಥಗಳ ಪಟ್ಟಿಯನ್ನೇ ಓದಬೇಕು.

‘ನೈಸರ್ಗಿಕ’ ಎಂಬ ಮಾತನ್ನು ನಂಬಿ ಮೋಸಹೋಗುವುದೂ ಇದೆ. ಅಂಟುವಾಳದ ಕಾಯಿ ನಮ್ಮ ಅಜ್ಜಿಯರ ಸಾಬೂನು. ರೇಷ್ಮೆಗೆ ಇಂದಿಗೂ ಅದಕ್ಕಿಂತ ಮೃದುವಾದದ್ದು ಸಿಗುವುದು ಕಷ್ಟ. ಆದರೆ ಅದರ ನೊರೆಗೆ ಕಾರಣವಾದ ಸಪೋನಿನ್ ಮೀನಿನ ಕಿವಿರುಗಳಿಗೆ ವಿಷ. ಮೀನು ಹಿಡಿಯುವವರು ಇಂಥ ಕಾಯಿಗಳನ್ನು ಜಜ್ಜಿ ನೀರಿಗೆ ಹಾಕುತ್ತಿದ್ದದ್ದು ಇದಕ್ಕಾಗಿಯೇ. ಅಂಟುವಾಳದಲ್ಲಿ ಒಗೆದ ನೀರನ್ನು ಕೆರೆ, ಹಳ್ಳ, ಮೀನಿನ ತೊಟ್ಟಿಯ ಕಡೆಗೆ ಬಿಟ್ಟರೆ ಅಹಿಂಸೆಗಾಗಿ ಆರಿಸಿದ ವಸ್ತುವೇ ಹಿಂಸೆಗೆ ಕಾರಣವಾಗುತ್ತದೆ. ಕಣ್ಣಿಗೆ ಬಿದ್ದರೆ ಉರಿ, ಮಗು ಜಗಿದರೆ ವಾಂತಿ. ಟೀ ಟ್ರೀ ಎಣ್ಣೆ, ನಿಂಬೆ ಸಿಪ್ಪೆಯ ಎಣ್ಣೆಗಳೂ ಸಸ್ಯಜನ್ಯವೇ, ಆದರೆ ಬೆಕ್ಕಿಗೆ ವಿಷ.

ಫಿನಾಯಿಲ್ ವಿಷಯದಲ್ಲಿ ಬೆಕ್ಕಿರುವ ಮನೆಯವರು ಇನ್ನೂ ಎಚ್ಚರವಾಗಿರಬೇಕು. ಕಪ್ಪು ಫಿನಾಯಿಲ್‌ನಲ್ಲಿರುವ ಫೀನಾಲ್ ಜಾತಿಯ ವಸ್ತುಗಳನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ತೀರಾ ಕಡಿಮೆ. ನೆಲ ಒರೆಸುವ ಕೆಲವು ಕ್ರಿಮಿನಾಶಕಗಳಲ್ಲಿ ಬೆಂಜಾಲ್ಕೋನಿಯಂ ಕ್ಲೋರೈಡ್ ಇರುತ್ತದೆ. ಒರೆಸಿದ ನೆಲ ಆರುವ ಮೊದಲು ಬೆಕ್ಕು ನಡೆದು ಪಾದ ನೆಕ್ಕಿದರೆ ನಾಲಿಗೆ ಹುಣ್ಣಾಗಬಹುದು. ಏನೇ ಬಳಸಿದರೂ ನೆಲ ಪೂರ್ತಿ ಒಣಗುವವರೆಗೆ ಮಗುವನ್ನೂ ಪ್ರಾಣಿಯನ್ನೂ ಬೇರೆ ಕೋಣೆಯಲ್ಲಿಡುವುದು ಒಳ್ಳೆಯದು.

ನಾಯಿ ಮೂತ್ರ ಮಾಡಿದ ಜಾಗಕ್ಕೆ ಬ್ಲೀಚ್ ಸುರಿಯುವ ರೂಢಿಯನ್ನು ಕೂಡಲೇ ಬಿಡಬೇಕು. ಮೂತ್ರದಿಂದ ಹುಟ್ಟುವ ಅಮೋನಿಯಾಕ್ಕೆ ಬ್ಲೀಚಿನ ಸೋಡಿಯಂ ಹೈಪೋಕ್ಲೋರೈಟ್ ಸೇರಿದರೆ ಕ್ಲೋರಮೀನ್ ಎಂಬ ಉಸಿರುಗಟ್ಟಿಸುವ ಅನಿಲ ಬರುತ್ತದೆ. ವಿನೆಗರ್ ಅಥವಾ ಶೌಚಾಲಯದ ಆಸಿಡ್ ಸೇರಿದರೆ ಕ್ಲೋರಿನ್ ಅನಿಲವೇ ಬರುತ್ತದೆ. ಹಸಿಯಿರುವಾಗಲೇ ಹಳೆಯ ಬಟ್ಟೆಯಿಂದ ಒತ್ತಿ ಹೀರಿಸಿ, ತಣ್ಣೀರಿನಲ್ಲಿ ಒರೆಸಿ, ಮೇಲೆ ಅಡುಗೆ ಸೋಡಾ ಉದುರಿಸಿ ಒಣಗಿದ ಮೇಲೆ ಗುಡಿಸಿದರೆ ವಾಸನೆ ತಗ್ಗುತ್ತದೆ. ಅಡುಗೆ ಸೋಡಾಕ್ಕೆ ವಿನೆಗರ್ ಬೆರೆಸಿ ನೊರೆ ಎಬ್ಬಿಸುವುದು ನೋಡಲು ಚೆನ್ನ, ಆದರೆ ಎರಡೂ ಒಂದರ ಶಕ್ತಿಯನ್ನು ಇನ್ನೊಂದು ಕಳೆಯುತ್ತವೆ. ವಿನೆಗರ್ ಹುದುಗಿಸಿದ ಪದಾರ್ಥವೆಂದು ಮನೆಯೊಳಗೆ ತರದವರಿಗೆ ಇದರಿಂದ ನಷ್ಟವೇನಿಲ್ಲ.

ಬ್ಲೀಚ್ ಬೇಕೇಬೇಕಾದರೆ ಆಮ್ಲಜನಕ ಬಿಡುವ ಸೋಡಿಯಂ ಪರ್ಕಾರ್ಬೋನೇಟ್ ಪುಡಿ ಮೇಲು. ನೀರಿನಲ್ಲಿ ಅದು ಹೈಡ್ರೋಜನ್ ಪೆರಾಕ್ಸೈಡ್ ಮತ್ತು ವಾಷಿಂಗ್ ಸೋಡಾ ಆಗಿ ಒಡೆಯುತ್ತದೆ, ಕ್ಲೋರಿನ್ ಇಲ್ಲ. ಒಣ ಪುಡಿ ಕಣ್ಣಿಗೆ, ಬಾಯಿಗೆ ತಾಗಿದರೆ ಮಾತ್ರ ಸುಡುತ್ತದೆ, ಡಬ್ಬ ಎತ್ತರದಲ್ಲಿರಲಿ. ಮಿಠಾಯಿಯಂತೆ ಹೊಳೆಯುವ ಡಿಟರ್ಜೆಂಟ್ ಕ್ಯಾಪ್ಸೂಲ್‌ಗಳು ಚಿಕ್ಕ ಮಕ್ಕಳಿರುವ ಮನೆಗೆ ಬರದಿದ್ದರೇ ವಾಸಿ. ಪೆಟ್ಟಿಗೆಯಲ್ಲಿ ನ್ಯಾಫ್ತಲೀನ್ ಗುಳಿಗೆ ಹಾಕಿಟ್ಟ ಹಳೆಯ ರೇಷ್ಮೆ ಕುಲಾವಿ, ಶಾಲುಗಳನ್ನು ನಾಮಕರಣಕ್ಕೆಂದು ತೆಗೆದು ನೇರವಾಗಿ ಕೂಸಿಗೆ ತೊಡಿಸುವುದೂ ಅಪಾಯ. ಜಿ6ಪಿಡಿ ಕೊರತೆ ಇರುವ ಶಿಶುಗಳಲ್ಲಿ ಅದರ ಆವಿ ರಕ್ತಕಣಗಳನ್ನು ಒಡೆಯುತ್ತದೆ.

ಅವಘಡಗಳಿಗೆ ದಾರಿ ಮಾಡಿಕೊಡುವ ಇನ್ನೊಂದು ಅಭ್ಯಾಸ, ಬಿಡಿಯಾಗಿ ಕೊಂಡ ಫಿನಾಯಿಲ್, ಆಸಿಡ್‌ಗಳನ್ನು ಖಾಲಿ ತಂಪುಪಾನೀಯದ ಬಾಟಲಿಗೆ ತುಂಬಿಡುವುದು. ಬಾಟಲಿಯ ಗುರುತು ಮಗುವಿಗೆ ಚೆನ್ನಾಗಿ ಗೊತ್ತು, ಒಳಗಿನದು ಗೊತ್ತಿಲ್ಲ. ನುಂಗಿದ್ದು ಗೊತ್ತಾದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬಾರದು. ಇಳಿಯುವಾಗ ಸುಟ್ಟ ಗಂಟಲು ಹೊರಬರುವಾಗ ಮತ್ತೆ ಸುಡುತ್ತದೆ. ಕಣ್ಣಿಗೆ ಬಿದ್ದಿದ್ದರೆ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆಯಬೇಕು. ಆಸ್ಪತ್ರೆಗೆ, ಪ್ರಾಣಿಯಾದರೆ ಪಶುವೈದ್ಯರ ಬಳಿಗೆ ಹೋಗುವಾಗ ಬಾಟಲಿಯನ್ನೂ ಒಯ್ಯಬೇಕು. ಅದರ ಮೇಲಿನ ಚೀಟಿಯನ್ನು ವೈದ್ಯರು ಮೊದಲು ಕೇಳುತ್ತಾರೆ.