ಬೀಜ ಅಲುಗಿಸಿ ನೋಡುವ ಬೆಳಕು

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಗೆ ಹೋದವರೆಲ್ಲ ಅಶೋಕನ ಶಾಸನ ನೋಡುತ್ತಾರೆ. ಭೌತವಿಜ್ಞಾನದ ಮೇಷ್ಟ್ರಾದ ನಾನು ಮಕ್ಕಳಿಗೆ ಬಂಡೆಯನ್ನೇ ನೋಡಿ ಅನ್ನುತ್ತೇನೆ. ಗ್ರಾನೈಟ್ ಕಲ್ಲಿನಲ್ಲಿ ಚೂರುಪಾರು ಥೋರಿಯಂ ಇದ್ದೇ ಇರುತ್ತದೆ. ಅದು ಕ್ಷಯಿಸುತ್ತ ಕ್ಷಯಿಸುತ್ತ ಸೀಸವಾಗುವ ಹಾದಿಯಲ್ಲಿ 26 ಲಕ್ಷ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಗಾಮಾ ಕಿರಣ ಹೊರಬೀಳುತ್ತದೆ. 1934ರಲ್ಲಿ ಕೇಂಬ್ರಿಡ್ಜಿನಲ್ಲಿ ಚಾಡ್ವಿಕ್ ಮತ್ತು ಗೋಲ್ಡ್‌ಹೇಬರ್ ಇದೇ ಕಿರಣವನ್ನು ಡ್ಯೂಟೀರಿಯಂ ಮೇಲೆ ಬಿಟ್ಟರು. ಒಂದು ಪ್ರೋಟಾನ್, ಒಂದು ನ್ಯೂಟ್ರಾನ್ ಸೇರಿದ ಆ ಪರಮಾಣು ಬೀಜ ಎರಡು ಹೋಳಾಯಿತು. ಬಿಡಿಸಲು ಬೇಕಾದದ್ದು 22 ಲಕ್ಷ ಅಷ್ಟೆ.

ಒಡೆದರೆ ಅಂಟಿನ ಬಲ ತಿಳಿಯುತ್ತದೆ. ಒಳಗಿನ ಬಿಗಿತ ತಿಳಿಯಬೇಕಾದರೆ ಒಡೆಯದೆ ಅಲುಗಿಸಬೇಕು. ಚಳ್ಳಕೆರೆ ಮಾರುಕಟ್ಟೆಯಲ್ಲಿ ಶೇಂಗಾ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರಲ್ಲ, ಹಾಗೆ. ಗಾಮಾ ಕಿರಣದ ವಿದ್ಯುತ್ ಕ್ಷೇತ್ರ ಬೀಜದೊಳಗಿನ ಆವೇಶವನ್ನು ಆಚೀಚೆ ಎಳೆಯುತ್ತದೆ. ಎಳೆತಕ್ಕೆ ಸಿಕ್ಕಿದ್ದು ಮತ್ತೆ ಗಾಮಾ ಹೊಮ್ಮಿಸುತ್ತದೆ. ಯಾವ ಕೋನಕ್ಕೆ ಎಷ್ಟು ಚದುರಿತು ಎಂದು ಎಣಿಸಿದರೆ ಬಿಗಿತ ಸಿಗುತ್ತದೆ. ಹೈಡ್ರೋಜನ್ ಪರಮಾಣು ಹೀಗೆ ಎಳೆದರೆ ಧಾರಾಳವಾಗಿ ಹಿಗ್ಗುತ್ತದೆ: ಅದರ ಹಿಗ್ಗಿನ ಅಳತೆ ಹೆಚ್ಚುಕಡಿಮೆ ಅದರ ಗಾತ್ರದಷ್ಟೇ. ಪ್ರೋಟಾನಿನದು ಅದರ ಗಾತ್ರದ ಸುಮಾರು 2,000ದಲ್ಲಿ ಒಂದು ಪಾಲು! ಅಷ್ಟು ಗಟ್ಟಿ.

ನ್ಯೂಟ್ರಾನಿನದೇ ತಾಪತ್ರಯ. ಬಿಡಿಯಾಗಿ ಬಿಟ್ಟರೆ ಸರಾಸರಿ 15 ನಿಮಿಷವೂ ಬಾಳದು, ಡಬ್ಬಿಯಲ್ಲಿ ತುಂಬಿ ಇಡುವಂತಿಲ್ಲ. ಹಾಗಾಗಿ ಅದನ್ನು ಡ್ಯೂಟೀರಿಯಂ, ಹೀಲಿಯಂ, ಲಿಥಿಯಂ ಬೀಜಗಳೊಳಗೇ ಇಟ್ಟು ಅಲುಗಿಸುತ್ತಾರೆ. ಪ್ರೋಟಾನಿನ ಪಾಲನ್ನು ಲೆಕ್ಕದಲ್ಲಿ ಕಳೆಯುತ್ತಾರೆ. ಸ್ವೀಡನ್ನಿನ ಲುಂಡ್‌ನಲ್ಲಿ ಡ್ಯೂಟೀರಿಯಂ ಮೇಲೆ ನಡೆದ ಪ್ರಯೋಗದ ಫಲಿತಾಂಶ 2014ರಲ್ಲಿ ಬಂತು: ನ್ಯೂಟ್ರಾನ್ ಕೂಡ ಹತ್ತಿರಹತ್ತಿರ ಪ್ರೋಟಾನಿನಷ್ಟೇ ಗಟ್ಟಿ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಂತೂ ಗಾಮಾ ಹುಟ್ಟಿಸುವ ರೀತಿಯೇ ಸೊಗಸು. ಓಡಿಬರುವ ಎಲೆಕ್ಟ್ರಾನುಗಳಿಗೆ ಎದುರಿನಿಂದ ಲೇಸರ್ ಬೆಳಕು ಬಡಿಸುತ್ತಾರೆ, ಅದು ಗಾಮಾ ಆಗಿ ಹಿಂದಕ್ಕೆ ಚಿಮ್ಮುತ್ತದೆ.

ಕಿರಣ ಚದುರಿಸಿ ನೋಡುವ ಈ ವಿದ್ಯೆ ಹಳೆಯದು. 1923ರಲ್ಲಿ ಎಕ್ಸ್-ಕಿರಣದ ಚದುರಿಕೆ ತೋರಿಸಿದ ಕಾಂಪ್ಟನ್‌ಗೆ 1927ರಲ್ಲಿ ನೊಬೆಲ್ ಬಂತು. ಅದು ತಿಳಿದು ಹುರುಪುಗೊಂಡ ರಾಮನ್ 1928ರ ಫೆಬ್ರುವರಿಯಲ್ಲಿ ಕಣ್ಣಿಗೆ ಕಾಣುವ ಬೆಳಕಿನಲ್ಲಿ ಅಂಥದ್ದನ್ನೇ ಹಿಡಿದರು. 1933ರಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಅದೇ ಸಂಸ್ಥೆಯ ಇನ್ನೊಂದು ಆವರಣ ನಮ್ಮ ಕುದಾಪುರದ ಕಾವಲಿನಲ್ಲಿದೆ. ಅಲ್ಲಿ ಶಿಕ್ಷಕರಿಗೆ ತರಬೇತಿಯೂ ಕೊಡುತ್ತಾರೆ. ಮಕ್ಕಳು ಬೇಲಿಯಾಚೆ ನೋಡಿ "ಒಳಗೆ ಏನ್ ಮಾಡ್ತಾರೆ ಸಾರ್?" ಅಂತಾರೆ. ಈ ಗಾಮಾ ಪ್ರಯೋಗ ಅಲ್ಲಿ ನಡೆಯುವುದಿಲ್ಲ, ಅದನ್ನು ಹೇಳಿಬಿಡುತ್ತೇನೆ.

ಕಳೆದ ಸಲ ಒಬ್ಬ ಹುಡುಗಿ ಕೇಳಿದಳು: "ಸೀಸದಂಥ ದೊಡ್ಡ ಬೀಜ ಇಟ್ಟರೆ ಜಾಸ್ತಿ ಚದುರಲ್ವಾ ಸಾರ್?" ಖಂಡಿತ ಚದುರುತ್ತದೆ. ಡ್ಯೂಟೀರಿಯಂಗಿಂತ ಲಿಥಿಯಂನಿಂದಲೇ ಹೆಚ್ಚು ಎಣಿಕೆ ಬರುತ್ತದೆ. ಆದರೆ ಕಣ ಹೆಚ್ಚಿದಂತೆ ಯಾವ ಅಲುಗಾಟ ಯಾರದು ಎಂದು ಬಿಡಿಸುವ ಗಣಿತ ಕೈಮೀರುತ್ತದೆ. ಎರಡು, ಮೂರು, ನಾಲ್ಕು ಕಣದ ಲೆಕ್ಕ ನಂಬಿಕೆಗೆ ಅರ್ಹ. ಸೀಸದಲ್ಲಿ 200ಕ್ಕೂ ಹೆಚ್ಚು.