ಕಾಲಿನ ಆಣಿ: ಕಾರಣ ಮತ್ತು ಚಿಕಿತ್ಸೆ

ದೇಹದ ಭಾರವನ್ನೆಲ್ಲ ಹೊತ್ತು ನಡೆಯುವ ಪಾದಗಳಿಗೆ ನಮ್ಮಿಂದ ದೊರೆಯುವ ಆರೈಕೆ ಅತ್ಯಲ್ಪ. ಮುಖದಲ್ಲಿ ಒಂದು ಮೊಡವೆ ಮೂಡಿದರೆ ಮರುದಿನವೇ ಔಷಧಿ ಹುಡುಕುವ ನಾವು ಅಂಗಾಲಿನ ನೋವನ್ನು ತಿಂಗಳುಗಟ್ಟಲೆ ಸಹಿಸಿಕೊಂಡು ಕುಂಟುತ್ತೇವೆ. ಅಂತಹ ನೋವುಗಳಲ್ಲಿ ಆಣಿಯೂ ಒಂದು. ಹೊಲದಲ್ಲಿ ದುಡಿಯುವವರಿಗೆ, ದಿನವಿಡೀ ನಿಂತು ಕೆಲಸ ಮಾಡುವವರಿಗೆ, ಯುಗಾದಿಗೆ ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುವವರಿಗೆ ಇದರ ಪರಿಚಯವಿರುತ್ತದೆ. ಇದು ಸಾಮಾನ್ಯವಾಗಿ ಸಣ್ಣ ಬಾಧೆಯೇ ಹೌದು. ಆದರೆ ಮಧುಮೇಹಿಗಳು ಇದನ್ನು ಅಲಕ್ಷಿಸಿದರೆ ಕಾಲಿಗೇ ಅಪಾಯ ಬಂದೊದಗಬಹುದು.

ಆಣಿ ಎಂದರೇನು?

ಒಂದೇ ಜಾಗದ ಮೇಲೆ ಒತ್ತಡ ಮತ್ತು ಘರ್ಷಣೆ ಪದೇ ಪದೇ ಬಿದ್ದಾಗ ಚರ್ಮವು ತನ್ನ ರಕ್ಷಣೆಗಾಗಿ ಹೊರಪದರವನ್ನು ದಪ್ಪವಾಗಿಸಿಕೊಳ್ಳುತ್ತದೆ. ಈ ದಪ್ಪ ಚರ್ಮ ಅಗಲವಾಗಿ ಹರಡಿದರೆ ಅದು ದಡ್ಡು. ಸಣ್ಣ ಜಾಗದಲ್ಲಿ ಗುಂಡಗೆ ಗಟ್ಟಿಯಾಗಿ, ನಡುವಿನ ತಿರುಳು ಒಳಮುಖವಾಗಿ ಚೂಪಾದರೆ ಅದು ಆಣಿ. ಹೆಜ್ಜೆ ಊರಿದಾಗಲೆಲ್ಲ ಆ ಚೂಪು ತುದಿ ಒಳಗಿನ ನರಗಳನ್ನು ಒತ್ತುವುದರಿಂದ ಮೊಳೆ ಚುಚ್ಚಿದಂತಹ ನೋವಾಗುತ್ತದೆ. ಆಣಿ ಎಂಬ ಪದಕ್ಕೆ ಮೊಳೆ ಎಂಬ ಅರ್ಥವೂ ಉಂಟು.

ಆಣಿಗೆ ಬೇರಿದೆ, ಅದನ್ನು ಕಿತ್ತರೆ ವಾಸಿಯಾಗುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ವಾಸ್ತವದಲ್ಲಿ ಅದಕ್ಕೆ ಬೇರಿಲ್ಲ. ಅದು ಒತ್ತಿಕೊಂಡು ಗಟ್ಟಿಯಾದ ಸತ್ತ ಚರ್ಮ. ಒತ್ತಡದ ಕಾರಣ ಉಳಿದಿರುವವರೆಗೆ ಎಷ್ಟು ಸಲ ಕಿತ್ತರೂ ಅದು ಮರಳಿ ಬೆಳೆಯುತ್ತದೆ.

ಅಂಗಾಲಿನಲ್ಲಿ ಮತ್ತು ಬೆರಳುಗಳ ಮೇಲ್ಭಾಗದಲ್ಲಿ ಗಟ್ಟಿ ಆಣಿ ಬರುತ್ತದೆ. ಬೆರಳ ಸಂದಿಯಲ್ಲಿ, ವಿಶೇಷವಾಗಿ ಕಿರುಬೆರಳಿನ ಬದಿಯಲ್ಲಿ, ಬೆವರಿನ ತೇವದಿಂದ ಮೆತ್ತಗಾದ ಬಿಳಿ ಆಣಿ ಕಾಣಿಸಿಕೊಳ್ಳುತ್ತದೆ. ಅಂಗಾಲಿನ ನರುಲಿಯನ್ನು ಆಣಿಯೆಂದು ಭ್ರಮಿಸುವುದೂ ಉಂಟು. ನರುಲಿ ವೈರಾಣುವಿನಿಂದ ಬರುವಂಥದು. ಅದರಲ್ಲಿ ಸಣ್ಣ ಕಪ್ಪು ಚುಕ್ಕೆಗಳಿರಬಹುದು. ಸಾಮಾನ್ಯವಾಗಿ ನರುಲಿಯನ್ನು ಎರಡೂ ಬದಿಯಿಂದ ಹಿಂಡಿದರೆ ನೋವು ಹೆಚ್ಚು, ಆಣಿಯನ್ನು ನೇರವಾಗಿ ಒತ್ತಿದರೆ ನೋವು ಹೆಚ್ಚು.

ಕಾರಣಗಳು

ಬಿಗಿಯಾದ ಅಥವಾ ಮುಂಭಾಗ ಚೂಪಾದ ಪಾದರಕ್ಷೆ, ಎತ್ತರದ ಹಿಮ್ಮಡಿಯ ಚಪ್ಪಲಿ, ಸವೆದ ಅಟ್ಟೆ, ಬರಿಗಾಲಿನಲ್ಲಿ ಬಹಳ ನಡೆಯುವುದು, ಬಾಗಿದ ಬೆರಳುಗಳು, ಹೊರಚಾಚಿದ ಮೂಳೆ ಇವು ಮುಖ್ಯ ಕಾರಣಗಳು. ವಯಸ್ಸಾದಂತೆ ಅಂಗಾಲಿನ ಮೆತ್ತನೆಯ ಕೊಬ್ಬು ತೆಳುವಾಗುವುದರಿಂದ ವೃದ್ಧರಲ್ಲಿ ಬಾಧೆ ಹೆಚ್ಚು. ಆಯುರ್ವೇದವು ಇದನ್ನು 'ಕದರ' ಎಂದು ಕರೆಯುತ್ತದೆ. ಹರಳುಕಲ್ಲು, ಮುಳ್ಳುಗಳಿಂದ ಪಾದಕ್ಕೆ ಆಗುವ ಪೆಟ್ಟನ್ನು ಸುಶ್ರುತ ಸಂಹಿತೆಯು ಇದಕ್ಕೆ ಕಾರಣವೆಂದು ಹೇಳಿ, ಕತ್ತರಿಸಿ ತೆಗೆದು ಬಿಸಿ ಎಣ್ಣೆಯಿಂದ ಸುಡುವ ಕ್ರಮವನ್ನು ವಿಧಿಸಿದೆ. ಇದು ನುರಿತ ವೈದ್ಯರ ಕೈಯಲ್ಲಿ ನಡೆಯಬೇಕಾದ ಚಿಕಿತ್ಸೆಯೇ ಹೊರತು ಮನೆಮದ್ದಲ್ಲ.

ಚಿಕಿತ್ಸೆ

ಮೊದಲ ಚಿಕಿತ್ಸೆ ಪಾದರಕ್ಷೆಯ ಬದಲಾವಣೆ. ಸಂಜೆಯ ವೇಳೆಗೆ ಪಾದ ಸ್ವಲ್ಪ ಊದಿಕೊಂಡಿರುವುದರಿಂದ ಆಗಲೇ ಅಳತೆ ನೋಡಿ ಕೊಳ್ಳುವುದು ಸೂಕ್ತ. ಬೆರಳುಗಳು ಸರಾಗವಾಗಿ ಆಡುವಷ್ಟು ಜಾಗವಿರಬೇಕು, ಅಟ್ಟೆ ಮೆತ್ತಗಿರಬೇಕು.

ಬೇರೆ ಕಾಯಿಲೆಗಳಿಲ್ಲದವರು ನಿತ್ಯ 10ರಿಂದ 15 ನಿಮಿಷ ಉಗುರುಬೆಚ್ಚಗಿನ ನೀರಿನಲ್ಲಿ ಪಾದವನ್ನು ನೆನೆಸಿ, ಕಾಲು ತಿಕ್ಕುವ ಕಲ್ಲಿನಿಂದ ಹಗುರವಾಗಿ ಉಜ್ಜಿ, ಒರೆಸಿ, ಕೊಬ್ಬರಿ ಎಣ್ಣೆ ಸವರಬಹುದು. ಬೆರಳ ಸಂದಿಗೆ ಎಣ್ಣೆ ಹಚ್ಚದೆ ಒಣಗಿದಂತಿಡಬೇಕು. ನಡುವೆ ರಂಧ್ರವಿರುವ ಮೆತ್ತನೆಯ ಬಿಲ್ಲೆಯನ್ನು ಆಣಿಯ ಸುತ್ತ ಅಂಟಿಸಿದರೆ ಒತ್ತಡ ಇಳಿಯುತ್ತದೆ. ಔಷಧಿ ಅಂಗಡಿಗಳಲ್ಲಿ ದೊರೆಯುವ ಆಣಿಪಟ್ಟಿಗಳಲ್ಲಿ ಸ್ಯಾಲಿಸಿಲಿಕ್ ಆಮ್ಲವಿರುತ್ತದೆ. ಅದು ಸುತ್ತಲಿನ ಒಳ್ಳೆಯ ಚರ್ಮಕ್ಕೆ ತಗಲಿದರೆ ಹುಣ್ಣಾಗುತ್ತದೆ. ಬ್ಲೇಡಿನಿಂದ ಕೊಯ್ದುಕೊಳ್ಳುವುದು, ಎಕ್ಕದ ಹಾಲು ಅಥವಾ ಗೇರೆಣ್ಣೆ ಹಚ್ಚುವುದು ಸಲ್ಲದು.

ಮಧುಮೇಹಿಗಳಿಗೆ ಎಚ್ಚರಿಕೆ

ದೀರ್ಘಕಾಲದ ಮಧುಮೇಹದಲ್ಲಿ ಪಾದದ ಸ್ಪರ್ಶಜ್ಞಾನ ಕುಗ್ಗುತ್ತದೆ, ರಕ್ತಸಂಚಾರವೂ ಕಡಿಮೆಯಾಗಬಹುದು. ಆಗ ಆಣಿಯ ಕೆಳಗೆ ಹುಣ್ಣಾದರೂ ನೋವೇ ತಿಳಿಯದು. ವೆಲ್ಲೂರಿನಲ್ಲಿ ಕುಷ್ಠರೋಗಿಗಳ ಸೇವೆ ಮಾಡಿದ ಶಸ್ತ್ರವೈದ್ಯ ಪಾಲ್ ಬ್ರಾಂಡ್ ಅವರು ತೋರಿಸಿಕೊಟ್ಟದ್ದೂ ಇದನ್ನೇ: ನೋವಿನ ಅರಿವು ಅಳಿದಾಗ ಪಾದವು ಪೆಟ್ಟಿನ ಮೇಲೆ ಪೆಟ್ಟು ತಿಂದು ಹಾಳಾಗುತ್ತದೆ. ನೋವು ನಮ್ಮನ್ನು ಕಾಯುವ ಕಾವಲುಗಾರ. ಆದುದರಿಂದ ಮಧುಮೇಹಿಗಳು ಆಣಿಪಟ್ಟಿಯನ್ನಾಗಲಿ ಬ್ಲೇಡನ್ನಾಗಲಿ ಬಿಸಿನೀರನ್ನಾಗಲಿ ಬಳಸದೆ ನೇರವಾಗಿ ವೈದ್ಯರನ್ನು ಕಾಣಬೇಕು. ಬರಿಗಾಲಿನ ನಡಿಗೆಯನ್ನೂ ಬಿಡಬೇಕು. ಆಣಿಯ ಸುತ್ತ ಕೆಂಪು, ಬಾವು, ಕೀವು ಅಥವಾ ಕಪ್ಪು ಬಣ್ಣ ಕಂಡರೆ ಯಾರೇ ಆಗಲಿ ತಡಮಾಡಬಾರದು.

ದಿನಕ್ಕೊಮ್ಮೆ, ಮಲಗುವ ಮುನ್ನ, ಪಾದಗಳನ್ನು ತೊಳೆದು, ಒರೆಸಿ, ಬೆಳಕಿನಲ್ಲಿ ನೋಡಿಕೊಳ್ಳೋಣ. ಅಂಗಾಲು ಕಾಣದಿದ್ದರೆ ಕನ್ನಡಿ ಹಿಡಿಯೋಣ. ಮನೆಯ ಹಿರಿಯರಿಗೆ ಬಾಗಲಾಗದಿದ್ದರೆ ಅವರ ಪಾದಗಳನ್ನು ಕಿರಿಯರು ನೋಡಲಿ. ಅದಕ್ಕೆ ತಗಲುವುದು ಎರಡು ನಿಮಿಷ ಮಾತ್ರ.