ಪ್ರವಚನ ಪೀಠ ಸಿಗದ ರಬ್ಬಿ

ಯಹೂದಿಗಳ ಪ್ರಾರ್ಥನೆಗೆ ರಬ್ಬಿ ಇರಲೇಬೇಕೆಂಬ ಕಟ್ಟಳೆಯಿಲ್ಲ. ಸಂಪ್ರದಾಯದಂತೆ ಪ್ರಾಯಕ್ಕೆ ಬಂದ ಹತ್ತು ಗಂಡಸರು ಸೇರಿದರೆ ಸಾಮೂಹಿಕ ಪ್ರಾರ್ಥನೆ ನಡೆಯುತ್ತದೆ. ರಬ್ಬಿ ಎಂದರೆ ಮೊದಲಿಗೆ ಧರ್ಮಶಾಸ್ತ್ರ ಓದಿದ ಗುರು. ವಾರದ ವಿಶ್ರಾಂತಿಯ ದಿನವಾದ ಸಬ್ಬತ್‌ನಂದು ಸಿನಗಾಗ್‌ ಎಂಬ ಪ್ರಾರ್ಥನಾಮಂದಿರದಲ್ಲಿ ಅವರು ಕೊಡುವ ಪ್ರವಚನ ಎಲ್ಲರ ಕಣ್ಣಿಗೂ ಬೀಳುತ್ತದೆ. ಮಕ್ಕಳಿಗೆ ಪಾಠ, ಮದುವೆ, ಶವಸಂಸ್ಕಾರ, ಆಚಾರದ ಸಂದೇಹಗಳಿಗೆ ಪರಿಹಾರ, ರೋಗಿಗಳ ಭೇಟಿ – ವಾರವೆಲ್ಲ ನಡೆಯುವ ಈ ದುಡಿಮೆ ಅಷ್ಟಾಗಿ ಕಾಣುವುದಿಲ್ಲ.

ಕಾಣದ ಈ ದುಡಿಮೆಯನ್ನೇ ಬದುಕಾಗಿಸಿಕೊಂಡವರು ಬರ್ಲಿನ್ನಿನ ರೆಗಿನಾ ಯೋನಾಸ್. ರಬ್ಬಿ ದೀಕ್ಷೆ ಪಡೆದ ಜಗತ್ತಿನ ಮೊದಲ ಹೆಣ್ಣುಮಗಳೆಂದು ಇತಿಹಾಸ ಗುರುತಿಸುವುದು ಇವರನ್ನೇ.

ರೆಗಿನಾ ಹುಟ್ಟಿದ್ದು 1902ರಲ್ಲಿ, ಬಡ ಕುಟುಂಬದಲ್ಲಿ. ಸಣ್ಣವರಿದ್ದಾಗಲೇ ತಂದೆ ತೀರಿಕೊಂಡರು. ಶಾಲೆಗಳಲ್ಲಿ ಧರ್ಮದ ಪಾಠ ಹೇಳಿ ಸಂಪಾದಿಸುತ್ತ ಬರ್ಲಿನ್ನಿನ ಯಹೂದಿ ಧರ್ಮಶಾಸ್ತ್ರ ಕಾಲೇಜಿನಲ್ಲಿ ಓದಿದರು. ಅಲ್ಲಿ ಬೇರೆ ಹೆಂಗಸರೂ ಇದ್ದರು. ಆದರೆ ಅವರು ಓದುತ್ತಿದ್ದುದು ಶಿಕ್ಷಕಿಯರಾಗಲು. ರೆಗಿನಾಗೆ ರಬ್ಬಿಯೇ ಆಗಬೇಕಿತ್ತು. 1930ರಲ್ಲಿ ಅವರು ಬರೆದ ಪ್ರಬಂಧದ ವಿಷಯವೂ ಅದೇ: ಹೆಣ್ಣು ರಬ್ಬಿಯಾಗಬಹುದೇ? ಶಾಸ್ತ್ರವನ್ನು ಬದಿಗಿಟ್ಟು ಅವರು ಉತ್ತರ ಹುಡುಕಲಿಲ್ಲ. ಆಚಾರವನ್ನು ನಿಷ್ಠೆಯಿಂದ ಪಾಲಿಸುತ್ತಿದ್ದ ಅವರು ತೋರಾ, ಟಾಲ್ಮುಡ್‌ ಎಂಬ ಧರ್ಮಗ್ರಂಥಗಳನ್ನೇ ಆಧಾರವಾಗಿಟ್ಟುಕೊಂಡು, ಹೆಣ್ಣಿಗೆ ಅಡ್ಡ ಬಂದಿರುವುದು ಬಹುಮಟ್ಟಿಗೆ ಪೂರ್ವಗ್ರಹ ಮತ್ತು ರೂಢಿಯಿಲ್ಲದಿರುವಿಕೆ ಎಂದು ವಾದಿಸಿದರು. ಆ ವಾದದ ಬಲ ಇರುವುದೇ ಇಲ್ಲಿ.

ಪ್ರಬಂಧಕ್ಕೆ ಒಳ್ಳೆಯ ದರ್ಜೆ ಸಿಕ್ಕಿತು, ದೀಕ್ಷೆ ಸಿಗಲಿಲ್ಲ. ಬೆಂಬಲಕ್ಕಿದ್ದ ಪ್ರಾಧ್ಯಾಪಕ ಎಡುವರ್ಡ್ ಬಾನೆತ್ ಅದೇ ವರ್ಷ ತೀರಿಕೊಂಡರು. ಐದು ವರ್ಷ ಕಾದ ಮೇಲೆ, 1935ರ ಡಿಸೆಂಬರಿನಲ್ಲಿ, ಆಫೆನ್‌ಬಾಖ್ ಊರಿನ ಉದಾರವಾದಿ ರಬ್ಬಿ ಮ್ಯಾಕ್ಸ್ ಡೀನೆಮಾನ್ ರೆಗಿನಾಗೆ ದೀಕ್ಷೆ ಕೊಟ್ಟರು. ಯಹೂದಿಗಳ ಪೌರತ್ವ ಕಿತ್ತುಕೊಂಡ ನಾತ್ಸಿಗಳ ನ್ಯೂರೆಂಬರ್ಗ್ ಕಾನೂನುಗಳು ಬಂದು ಆಗಿನ್ನೂ ಮೂರು ತಿಂಗಳು.

ಆದರೂ ಬರ್ಲಿನ್ನಿನ ಯಾವ ದೊಡ್ಡ ಸಿನಗಾಗ್‌ನ ರಬ್ಬಿ ಹುದ್ದೆಯೂ ಅವರಿಗೆ ದಕ್ಕಲಿಲ್ಲ. ಸಮುದಾಯ ಅವರಿಗೆ ವಹಿಸಿದ್ದು ಪಾಠ ಹೇಳುವುದನ್ನು, ಆಸ್ಪತ್ರೆಗಳಲ್ಲಿ ರೋಗಿಗಳನ್ನೂ ವೃದ್ಧಾಶ್ರಮಗಳಲ್ಲಿ ಮುದುಕರನ್ನೂ ಕಂಡು ಧೈರ್ಯ ಹೇಳುವುದನ್ನು. ಕಾಲ ಕೆಡುತ್ತ ಹೋದಂತೆ ಈ ಕೆಲಸವೇ ಎಲ್ಲಕ್ಕಿಂತ ಬೇಕಾದದ್ದಾಯಿತು. ಹರೆಯದವರು ದೇಶ ಬಿಡುತ್ತಿದ್ದರು. ವಯಸ್ಸಾದವರು, ಕಾಯಿಲೆಯವರು ಉಳಿದರು. ರಬ್ಬಿಗಳಲ್ಲೂ ಹಲವರು ವಲಸೆ ಹೋದರು, ಕೆಲವರು ಬಂಧನಕ್ಕೊಳಗಾದರು. ರೆಗಿನಾ ತಾಯಿಯ ಜೊತೆ ಬರ್ಲಿನ್ನಿನಲ್ಲೇ ನಿಂತರು. ರಬ್ಬಿಯಿಲ್ಲದ ಬೇರೆ ಊರುಗಳಿಗೂ ಹೋಗಿ ಪ್ರವಚನ ಕೊಟ್ಟರು. ಪೀಠ ಕೊಡಲು ಹಿಂಜರಿದ ಸಮುದಾಯವೇ ಈಗ ಅವರ ದಾರಿ ಕಾಯುತ್ತಿತ್ತು.

1942ರ ನವೆಂಬರ್ 6ರಂದು ನಾತ್ಸಿಗಳು ತಾಯಿ ಮಗಳಿಬ್ಬರನ್ನೂ ಯಹೂದಿಗಳನ್ನು ಕೂಡಿಹಾಕಿದ್ದ ಟೆರೇಸಿಯೆನ್‌ಶ್ಟಾಟ್ ಘೆಟ್ಟೋಗೆ ಸಾಗಿಸಿದರು. ಅಲ್ಲಿಯೂ ರೆಗಿನಾ ಸುಮ್ಮನೆ ಕೂರಲಿಲ್ಲ. ವಿಯೆನ್ನಾದ ಮನೋವೈದ್ಯ ವಿಕ್ಟರ್ ಫ್ರಾಂಕ್ಲ್ ಘೆಟ್ಟೋದಲ್ಲಿ ಕಟ್ಟಿದ್ದ ತಂಡದೊಂದಿಗೆ ಸೇರಿ, ಹೊಸದಾಗಿ ಬಂದಿಳಿದವರನ್ನು ಎದುರುಗೊಂಡು, ಆಘಾತದಲ್ಲಿದ್ದವರನ್ನು ಮಾತಾಡಿಸಿದರು. ಉಪನ್ಯಾಸಗಳನ್ನೂ ಕೊಟ್ಟರು. ಏಕೈಕ ಮಹಿಳಾ ರಬ್ಬಿಯ ಉಪನ್ಯಾಸಗಳು ಎಂಬ ತಲೆಬರಹದ, 24 ವಿಷಯಗಳ ಪಟ್ಟಿ ಇಂದಿಗೂ ಉಳಿದಿದೆ.

1944ರ ಅಕ್ಟೋಬರಿನಲ್ಲಿ ಅವರನ್ನು ಆಶ್ವಿಟ್ಸ್ ಸಾವಿನ ಶಿಬಿರಕ್ಕೆ ಸಾಗಿಸಿ ಕೊಂದರು. ಆಗ ಅವರಿಗೆ 42 ವರ್ಷ.

ಬದುಕುಳಿದ ಅವರ ಗುರು ಲಿಯೋ ಬೆಕ್ ಆಗಲಿ, ಫ್ರಾಂಕ್ಲ್ ಆಗಲಿ ಅವರ ಬಗ್ಗೆ ಬರೆಯಲಿಲ್ಲ. ಇದು ಮನಸ್ಸಿಗೆ ನೋವು ಕೊಡುವ ಮೌನ. 1972ರಲ್ಲಿ ಅಮೆರಿಕದ ಸ್ಯಾಲಿ ಪ್ರೀಸಾಂಡ್ ದೀಕ್ಷೆ ಪಡೆದಾಗ, ಅವರೇ ಮೊದಲಿಗರು ಎಂದು ಬಹುತೇಕ ಎಲ್ಲರೂ ನಂಬಿದರು. ಘೆಟ್ಟೋಗೆ ಹೋಗುವ ಮುನ್ನ ರೆಗಿನಾ ಜೋಪಾನಕ್ಕೆ ಕೊಟ್ಟಿದ್ದ ಕಾಗದಪತ್ರಗಳು ಸಂಶೋಧಕಿ ಕಟರೀನಾ ಫಾನ್ ಕೆಲ್ಲೆನ್‌ಬಾಖ್ ಕೈಗೆ ಸಿಕ್ಕಿದ್ದು 1990ರ ದಶಕದ ಆರಂಭದಲ್ಲಿ, ಬರ್ಲಿನ್ ಗೋಡೆ ಬಿದ್ದ ಮೇಲೆ. ಪ್ರಬಂಧ, ದೀಕ್ಷಾಪತ್ರ, ರಬ್ಬಿಯ ನಿಲುವಂಗಿ ತೊಟ್ಟ ಭಾವಚಿತ್ರ ಎಲ್ಲವೂ ಅಲ್ಲಿದ್ದವು. ಜರ್ಮನಿಯಲ್ಲಿ ಇನ್ನೊಬ್ಬ ಮಹಿಳೆಗೆ, ಉಕ್ರೇನ್ ಮೂಲದ ಅಲೀನಾ ಟ್ರೈಗರ್‌ಗೆ, ರಬ್ಬಿ ದೀಕ್ಷೆ ಸಿಕ್ಕಿದ್ದು 2010ರಲ್ಲಿ.